ಅಮೃತಶಿಲೆಯ ಊರಿನಲ್ಲೊಂದು ಅಂಗೈ

ವಾಡಿ

ವಾಡಿ ಸ್ಟೇಶನ್ನಿನಲ್ಲಿ ಬೊಂಬಾಯಿ ಮೇಲ್ ಗಾಡಿಗಾಗಿ ಕಾಯುತ್ತ ಕೂತಿದ್ದ ನಮ್ಮನ್ನು ನೋಡಿದ ಯಾರೂ ಇವರು ಇಟಲಿ ದೇಶಕ್ಕೆ ಹೊರಟವರೆಂದು ನಂಬುತ್ತಿರಲಿಲ್ಲ. ವೀರಭದ್ರಪ್ಪ ಕಾಕಾರ ಸಾಮಾನು ಹಾಗಿತ್ತು. ಖಡಕ್ ರೊಟ್ಟಿ ತುಂಬಿದ ತಗಡಿನ ಡಬ್ಬಿ, ಶೇಂಗಾ ಹಿಂಡಿಯ ಭರಣಿ, ವಿಭೂತಿ ಗಟ್ಟಿಗಳ ಗಂಟು, ಹಾಸಿಗೆ ಸುರುಳಿ. ಸಾಲದ್ದಕ್ಕೆ ಅಂಗೈಯಗಲದ ಒಂದು ಶಹಾಬಾದ ಫರಸಿ ಕಲ್ಲನ್ನು ಹಳೇ ಧೋತರದ ತುಂಡಿನಲ್ಲಿ ಸುತ್ತಿ ಇಟ್ಟುಕೊಂಡಿದ್ದರು.

"ಕಲ್ಲು ಯಾಕ್ರಿ ಕಾಕಾ? ನಾವು ಹೋಗಾಕತ್ತಿದ್ದೇ ಕಲ್ಲಿನ ಊರಿಗೆ," ಅಂದೆ.

"ಅವರ ಕಲ್ಲು ನಾವು ನೋಡೂದಾದ್ರ ನಮ್ಮ ಕಲ್ಲು ಅವರು ನೋಡೂದು ಬ್ಯಾಡೇನು? ಬರಿಗೈಲೆ ಹ್ಯಾಂಗ ಹೋಗ್ಬೇಕು?" ಅಂದರು.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಶಹಾಬಾದಿನಲ್ಲಿ ಅವರದೊಂದು ಫರಸಿ ಖಣಿ, ನೆಲಕ್ಕೆ ಹಾಸುವ ಕಲ್ಲಿನದು. ಅಮೃತಶಿಲೆಗೆ ಕನ್ನಡಿಯಂಥ ಹೊಳಪು ಕೊಡುವ ಮಶೀನು ಇಟಲಿಯಲ್ಲಿದೆ, ಅದು ನಮ್ಮ ಕಲ್ಲಿಗೂ ನಡೆದೀತು ಎಂದು ಬೊಂಬಾಯಿಯ ವ್ಯಾಪಾರಿಯೊಬ್ಬ ಅವರ ತಲೆಯಲ್ಲಿ ತುಂಬಿಸಿದ್ದ. ನಾನು ಚಿತ್ತಾಪುರದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ನನಗೆ ಒಂದಿಷ್ಟು ಇಂಗ್ಲಿಷ್ ಬರುತ್ತದೆಂಬುದು ನಮ್ಮ ಮನೆತನದ ನಂಬಿಕೆ. ಆ ನಂಬಿಕೆಯ ಪುಣ್ಯದಿಂದ ನನಗೂ ಟಿಕೇಟು ಸಿಕ್ಕಿತ್ತು. ಇಟಲಿಯಲ್ಲಿ ಇಂಗ್ಲಿಷ್ ನಡೆಯುವುದಿಲ್ಲ ಎಂದು ನಾನು ಹಡಗು ಹತ್ತುವವರೆಗೂ ಬಾಯಿಬಿಡಲಿಲ್ಲ.

ನೀಲಮ್ಮ ಕಾಕಿ ನಮ್ಮನ್ನು ಕಳಿಸಲಿಕ್ಕೆ ಬಂದಿದ್ದಳು. ಕಾಕಾ ಹಮಾಲನ ಜೊತೆ ವಾದಕ್ಕೆ ನಿಂತ ಸಂದು ನೋಡಿ ನನ್ನನ್ನು ನೀರಿನ ನಳದ ಹತ್ತಿರ ಕರೆದಳು.

"ಮಾಂತು, ನಿಮ್ಮ ಕಾಕಾ ಈ ಊರಾಗ ಯಾರ ಮಾತೂ ಕೇಳಂಗಿಲ್ಲ. ಸಮುದ್ರ ದಾಟಿದ ಮ್ಯಾಲರ ನಿನ್ನ ಮಾತು ಕೇಳ್ತಾರೇನೋ. ನಮ್ಮ ಸಿದ್ದೂಗ ಒಂದು ಜಾಗಾ ಮಾಡ್ರಿ ಅಂತ ಹೇಳಪ್ಪ. ನಾ ಸತ್ತರ ಆ ಲಿಂಗ ಯಾರು ತೊಳೀತಾರ?"

ಸಿದ್ದು ಅವರ ಒಬ್ಬನೇ ಮಗ. ಪೋಲೀಸ್ ಆ್ಯಕ್ಷನ್ ಆದ ಮರುವರ್ಷದ ಮಳೆಗಾಲದಲ್ಲಿ ಸೇಡಮ್ಮಿನಿಂದ ಬರುವಾಗ ಕಾಗಿಣಾ ಹೊಳೆ ದಾಟಲಿಕ್ಕೆ ಇಳಿದವನು ದಂಡೆ ಹತ್ತಲಿಲ್ಲ. ಅಂಬಿಗರು ಹೊಳೆಯುದ್ದಕ್ಕೂ ಹುಡುಕಿದರು. ಹೆಣ ಸಿಗಲಿಲ್ಲ. ಪ್ರವಾಹ ಇಳಿದ ಮೇಲೆ ದಂಡೆಯ ಜಾಲಿ ಕಂಟಿಯಲ್ಲಿ ಅವನ ಶಿವದಾರ ಹರಿದು ಸಿಕ್ಕಿಕೊಂಡಿತ್ತು. ಅದರಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಅವನ ಇಷ್ಟಲಿಂಗ. ನಮ್ಮಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ ಮೈಬಿಟ್ಟು ಅಗಲುವುದಿಲ್ಲ. ಸತ್ತವರನ್ನು ಮಲಗಿಸುವುದೂ ಇಲ್ಲ. ವಿಭೂತಿ ಹಚ್ಚಿ ಸಮಾಧಿಯಲ್ಲಿ ಪದ್ಮಾಸನ ಹಾಕಿಸಿ ಕೂಡಿಸುತ್ತೇವೆ, ಅವರ ಲಿಂಗವನ್ನು ಅವರದೇ ಎಡ ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತೇವೆ. ಸಿದ್ದುವಿಗೆ ಅದು ಆಗಲಿಲ್ಲ. ಅಂದಿನಿಂದ ಕಾಕಿ ಬೆಳಿಗ್ಗೆ ತನ್ನ ಲಿಂಗದ ಜೊತೆ ಮಗನ ಲಿಂಗವನ್ನೂ ತೊಳೆದು ಪೂಜೆ ಮಾಡುತ್ತಾಳೆ. ಲಿಂಗವನ್ನಷ್ಟೇ ಇಟ್ಟು ಸಮಾಧಿ ಮಾಡೋಣವೆಂದು ಕಾಕಿ ಕೇಳಿದಾಗಲೆಲ್ಲ ಕಾಕಾರದು ಒಂದೇ ಉತ್ತರ: "ಇಡಾಕ ಕೈ ಎಲ್ಲದ? ಖಾಲಿ ಕುಣ್ಯಾಗ ಯಾರನ್ನ ಕೂಡಿಸ್ಲಿ?"

ಗಾಡಿ ಬಂತು. ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡು, ರೊಟ್ಟಿ ಡಬ್ಬಿಗೆ ಹಡಗಿನಲ್ಲಿ ತೇವ ತಾಗದಂತೆ ನೋಡಿಕೊಳ್ಳಲು ಹೇಳಿದಳು.

ಹಡಗಿನಲ್ಲಿ

ಹಡಗು ಹೊಯ್ದಾಡಲು ಸುರುವಾದ ಕೂಡಲೇ ಮೂವತ್ತು ದಾಟಿದ ಡ್ರಾಯಿಂಗ್ ಮಾಸ್ತರ ಮಕಾಡೆ ಬಿದ್ದ. ಅರವತ್ತರ ಕಾಕಾ ಮಾತ್ರ ಖಣಿಯ ಅಂಚಿನಲ್ಲಿ ಓಡಾಡಿದಂತೆ ಓಡಾಡಿಕೊಂಡಿದ್ದರು. ಹೊತ್ತಿಗೆ ಸರಿಯಾಗಿ ಸ್ನಾನ, ಲಿಂಗಪೂಜೆ. ಹಡಗಿನ ಜವಾನ ಒಮ್ಮೆ ಬಾಗಿಲು ತಟ್ಟದೆ ಒಳಗೆ ಬಂದ. ಹಣೆ, ತೋಳು, ಎದೆಗೆಲ್ಲ ವಿಭೂತಿ ಬಳಿದುಕೊಂಡು, ಎಡ ಅಂಗೈಯಲ್ಲಿ ಕರಿ ಲಿಂಗ ಹಿಡಿದು ಅದನ್ನೇ ನೆಟ್ಟ ನೋಟದಿಂದ ನೋಡುತ್ತ ಕೂತ ಕಾಕಾರನ್ನು ಕಂಡು ಹಿಂದಕ್ಕೆ ಹೆಜ್ಜೆ ಇಟ್ಟವನು, ಆಮೇಲೆ ನಮ್ಮ ಬಾಗಿಲ ಮುಂದೆ ಹಾಯುವಾಗ ತುದಿಗಾಲಲ್ಲೇ ಹಾಯುತ್ತಿದ್ದ. ಕಾಕಾರಿಗೆ ಇದು ಭಾಳ ಮೆಚ್ಚಾಯಿತು. "ನಮ್ಮ ಮಂದಿಗಿಂತ ಇವಂಗ ಭಕ್ತಿ ಹೆಚ್ಚದ ನೋಡು," ಅಂದರು.

ಒಂದು ಸಂಜೆ ಹೊಟ್ಟೆ ಸ್ವಲ್ಪ ಸುಮ್ಮನಾದಾಗ ನಾನು ಮೇಲೆ ಹೋಗಿ ಕಟಾಂಜನ ಹಿಡಿದು ಅವರ ಪಕ್ಕದಲ್ಲಿ ನಿಂತೆ. ಸುತ್ತಲೂ ನೀರು. ಕಣ್ಣು ಚಾಚಿದಷ್ಟೂ ನೀರು. ಬಾವಿ, ಹೊಳೆ, ತುಂಬಿದ ಖಣಿ ಇವನ್ನೇ ನೀರೆಂದು ತಿಳಿದವರಿಗೆ ಇದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಇದೇ ಹೊತ್ತೆಂದು ಧೈರ್ಯ ಮಾಡಿದೆ.

"ಕಾಕಾ, ಕಾಕಿ ಒಂದು ಮಾತು ಹೇಳಂದಾಳರಿ."

ಯಾವ ಮಾತೆಂದು ಅವರು ಕೇಳಲಿಲ್ಲ. ನೀರನ್ನೇ ನೋಡುತ್ತಿದ್ದರು. "ಇದರ ಮುಂದ ನಮ್ಮ ಕಾಗಿಣಾ ಒಂದು ಹನಿ ಮಾಂತು. ಆ ಒಂದು ಹನ್ಯಾಗ ನನ್ನ ಮಗ ಸಿಗಲಿಲ್ಲ," ಅಂದವರೇ ಕೆಳಗಿಳಿದು ಹೋದರು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಜಿನೋವಾ

ಹಡಗು ಇಳಿದ ಊರಿನ ಹೆಸರು ಜಿನೋವಾ. ಅಲ್ಲಿಯ ಗಾಳಿ ನಮ್ಮನ್ನು ಮೊದಲು ಮಾತಾಡಿಸಿತು. ಕಾಕಾ ರುಮಾಲು ಬಿಚ್ಚಿ ಸುತ್ತಿಕೊಳ್ಳುತ್ತಿದ್ದಾಗ ಒಂದು ತುದಿ ಕೈಜಾರಿ ಇಡೀ ರುಮಾಲು ಬಂದರದ ಬೀದಿಯುದ್ದಕ್ಕೂ ಹಾರಿತು. ಮೀನು ಮಾರುವ ಒಬ್ಬ ದಪ್ಪ ಹೆಂಗಸು ಓಡಿಹೋಗಿ ಅದನ್ನು ಹಿಡಿದಳು. ಹಿಡಿದು ಸುಮ್ಮನೆ ಕೊಡಲಿಲ್ಲ. ತನ್ನ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಮಡಿಕೆ ಮಾಡಿ, ಅದಕ್ಕೊಂದು ಮುತ್ತು ಕೊಟ್ಟು ಕಾಕಾರ ಕೈಗಿಟ್ಟಳು. ಮೀನಿನ ವಾಸನೆ ಬಂದರೆ ಊರಲ್ಲಿ ಬೀದಿ ಬದಲಿಸುವ ಕಾಕಾ ಆ ರುಮಾಲನ್ನು ಹಾಗೇ ತಲೆಗೆ ಸುತ್ತಿಕೊಂಡು, "ನೂರು ವರ್ಷ ಬಾಳವ್ವ," ಎಂದು ಕನ್ನಡದಲ್ಲೇ ಹರಸಿದರು. ಅವಳೂ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರಿಗೂ ಪೂರ್ತಿ ತಿಳಿದಂತೆಯೇ ಇತ್ತು.

ಈ ದೇಶದವರು ಕೈಯಿಂದಲೇ ಮಾತಾಡುತ್ತಾರೆ. ಸುಮ್ಮನೆ ದಾರಿ ಕೇಳಿದರೂ ಎರಡೂ ಕೈ ಆಕಾಶಕ್ಕೆ ಹೋಗುತ್ತವೆ. "ಇವರ ಕೈ ಕಟ್ಟಿ ಹಾಕಿದ್ರ ಮೂಕರೇ ಆಗ್ತಾರ," ಎಂದು ಕಾಕಾ ಷರಾ ಬರೆದರು. ಅವರ ಕಾಫಿಯ ಕಪ್ಪು ನೋಡಿಯಂತೂ ಸಿಟ್ಟೇ ಬಂತು. "ನಮ್ಮಲ್ಲಿ ಕಣ್ಣಿಗೆ ಹಾಕೂ ಔಷಧ ಇದಕ್ಕಿಂತ ಹೆಚ್ಚು ಕೊಡ್ತಾರ." ಕುಡಿದ ಮೇಲೆ ಮಾತ್ರ ಕಣ್ಣು ಅರಳಿಸಿ ಇನ್ನೊಂದಕ್ಕೆ ಕೈ ಮಾಡಿದರು.

ನಡೆದಲ್ಲೆಲ್ಲ ನೆಲ ನೋಡುವುದೇ ಅವರ ಕೆಲಸ. ನಾನು ಗೋಪುರ, ಕಮಾನು ನೋಡುತ್ತ ಬಾಯಿ ತೆರೆದು ನಿಂತರೆ, ಅವರು ಬಗ್ಗಿ ಬೆರಳಗಂಟಿನಿಂದ ಹಾಸುಗಲ್ಲು ತಟ್ಟಿ ನಾದ ಕೇಳುತ್ತಿದ್ದರು. ಅಲ್ಲಿಯ ಜನ ಮೊದಲು ನಕ್ಕರು. ಆಮೇಲೆ ಒಬ್ಬಿಬ್ಬರು ತಾವೂ ಬಗ್ಗಿ ತಟ್ಟಿ ನೋಡಿದರು.

ಗುಡ್ಡದ ಊರು

ಕರಾರಾದ ಕಡೆಗೆ ಹೋಗುವ ಗಾಡಿಯಿಂದ ಗುಡ್ಡಗಳ ತಲೆ ಬೆಳ್ಳಗೆ ಕಂಡಾಗ ನಾನು ಹಿಮವೆಂದು ತಿಳಿದು ಕಾಕಾರನ್ನು ಎಬ್ಬಿಸಿದೆ. ಪುಸ್ತಕದಲ್ಲಷ್ಟೇ ಓದಿದ್ದ ಹಿಮ! ಕಾಕಾ ಕಣ್ಣು ಕಿರಿದು ಮಾಡಿ ನೋಡಿದರು. "ಹಿಮ ಅಲ್ಲೋ ಮಾಸ್ತರ, ಕಲ್ಲಿನ ಚೂರು. ಖಣಿ ಅದು," ಅಂದರು. ಖರೆ. ಒಂದು ಇಡೀ ಪರ್ವತ ಒಳಗೂ ಹೊರಗೂ ಬೆಳ್ಳಗಿತ್ತು. ಅದನ್ನು ಎಷ್ಟೋ ತಲೆಮಾರು ಕೊಯ್ದರೂ ಅದು ಹಾಗೇ ನಿಂತಿತ್ತು.

ಖಣಿಯ ಊರಿನಲ್ಲಿ ನಮಗಾಗಿ ಕಾದಿದ್ದವನ ಹೆಸರು ಪಿಯೆತ್ರೊ. ಮಶೀನು ತೋರಿಸುವವನು ಅವನೇ. ನಾನು ನನ್ನ ಇಂಗ್ಲಿಷನ್ನು ಝಾಡಿಸಿ ತಯಾರು ಮಾಡಿಕೊಳ್ಳುತ್ತಿದ್ದೆ. ಆ ಎತ್ತರದ, ಕೆಂಪು ಮುಖದ ಮನುಷ್ಯ ಕಾಕಾರ ಧೋತರ, ರುಮಾಲು ನೋಡಿದವನೇ ಎರಡೂ ಕೈ ಮೇಲೆತ್ತಿ, "ಆವೋ ಆವೋ, ಬೈಠೋ! ಚಾಯ್ ಪೀತೇ?" ಅಂದ.

ನಮ್ಮ ಮೈಮೇಲೆ ನೀರು ಎರಚಿದಂತಾಯಿತು. ಲಡಾಯಿಯ ಕಾಲದಲ್ಲಿ ಇಂಗ್ರೇಜರ ಕೈಗೆ ಸಿಕ್ಕ ಇವನನ್ನು ಹಿಂದುಸ್ತಾನಕ್ಕೆ ಒಯ್ದು ಕೈದಿಗಳ ಕ್ಯಾಂಪಿನಲ್ಲಿ ಇಟ್ಟಿದ್ದರಂತೆ. ಕಾವಲುಗಾರರಿಂದಲೂ ಅಡಿಗೆಯವರಿಂದಲೂ ಕಲಿತ ಹಿಂದೂಸ್ತಾನಿ ಅವನದು. ನಿಜಾಮರ ಸೀಮೆಯಲ್ಲಿ ಹುಟ್ಟಿ ಬೆಳೆದ ಕಾಕಾರಿಗೆ ದಖನಿ ಮನೆಮಾತಿನಷ್ಟೇ ಸಲೀಸು. ಒಂದು ಗಳಿಗೆಯಲ್ಲಿ ಇಬ್ಬರೂ ಹಳೇ ದೋಸ್ತರಂತೆ ಬೆನ್ನು ತಟ್ಟಿಕೊಳ್ಳುತ್ತಿದ್ದರು. ದುಭಾಷಿಯಾಗಿ ಬಂದ ನಾನು ಕೈಚೀಲ ಹಿಡಿದು ಹಿಂದೆ ನಡೆದೆ.

ಖಣಿಯಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ನಮ್ಮ ಫರಸಿ ನೆಲದಲ್ಲಿ ಪದರು ಪದರಾಗಿ ಮಲಗಿರುತ್ತದೆ. ಹಾರೆ ಹಾಕಿ ಎಬ್ಬಿಸಿದರೆ ಏಳುತ್ತದೆ. ಇಲ್ಲಿ ಪರ್ವತದ ಮೈಮೇಲೆ ಉದ್ದನೆಯ ತಂತಿಯೊಂದು ಮರಳು, ನೀರಿನ ಜೊತೆ ಓಡುತ್ತಲೇ ಇರುತ್ತದೆ. ನಿಧಾನವಾಗಿ ಒಂದು ಮನೆಯಷ್ಟು ದೊಡ್ಡ ಬಂಡೆ ಬೇರೆಯಾಗುತ್ತದೆ. ಅದನ್ನು ಸಾಬೂನು ಬಳಿದ ಮರದ ತೊಲೆಗಳ ಮೇಲೆ ಹಗ್ಗ ಬಿಗಿದು ಇಳಿಜಾರಿನಲ್ಲಿ ಜಾರಿಸುತ್ತಾರೆ. ಕೆಳಗಿನಿಂದ ಒಬ್ಬ ಕೂಗುತ್ತಾನೆ, ಮೇಲಿನವರು ಹಗ್ಗ ಸಡಿಲಿಸುತ್ತಾರೆ. ಹಗ್ಗ ಹರಿದರೆ ಮುಂದೆ ನಿಂತವನ ಕಥೆ ಮುಗಿಯಿತು. ಕಾಕಾ ಉಸಿರು ಬಿಗಿಹಿಡಿದು ನೋಡಿದರು. ಬಂಡೆ ಕೆಳಗೆ ಮುಟ್ಟಿದಾಗ ಕೈ ಮುಗಿದರು.

ಫರಸಿ ತುಂಡನ್ನು ಪಿಯೆತ್ರೊನಿಗೆ ತೋರಿಸಿದಾಗ ಅವನು ತಟ್ಟಿ, ನೆಕ್ಕಿ, ಬಿಸಿಲಿಗೆ ಹಿಡಿದು, "ಅಚ್ಛಾ ಪತ್ಥರ್. ಸಖ್ತ್," ಎಂದು ಅದರ ಗಟ್ಟಿತನ ಮೆಚ್ಚಿದ. ಕಾಕಾ ಆ ದಿನವಿಡೀ ಒಂದು ಗೇಣು ಎತ್ತರವಾಗಿ ನಡೆದರು.

ಚಿತ್ರದ ಮುಂದೆ

ಮರುದಿನ ನಡುಮಧ್ಯಾಹ್ನ ಮಳೆ ಬಂತು. ಪಿಯೆತ್ರೊ ನಮ್ಮನ್ನು ಓಡಿಸಿಕೊಂಡು ಖಣಿಯವರ ಚರ್ಚಿನೊಳಗೆ ತಂದ. ಹೊಸಿಲಲ್ಲೇ ಸಣ್ಣ ತಕರಾರು ಹುಟ್ಟಿತು. ಕಾಕಾ ಜೋಡು ಬಿಟ್ಟು ರುಮಾಲು ಸರಿಯಾಗಿ ಬಿಗಿದುಕೊಂಡರು. ಪಿಯೆತ್ರೊ ಬೂಟು ಇಟ್ಟುಕೊಂಡು ಟೋಪಿ ತೆಗೆದ. ಒಬ್ಬರನ್ನೊಬ್ಬರು ನೋಡಿದರು. ದೇವರ ಮುಂದೆ ಬರಿತಲೆಯಲ್ಲಿ ಹೋಗುವುದು ಕಾಕಾರಿಗೆ ಅಪಚಾರ. ತಲೆ ಮುಚ್ಚಿಕೊಂಡು ಹೋಗುವುದು ಅಲ್ಲಿಯವರಿಗೆ. ಕಸ ಗುಡಿಸುತ್ತಿದ್ದ ಮುದುಕಿ ಬಂದು ಕಾಕಾರ ಬರಿಗಾಲು ನೋಡಿದಳು, ರುಮಾಲು ನೋಡಿದಳು, ಎರಡನ್ನೂ ತೂಗಿ ನೋಡಿದವಳಂತೆ ತಲೆಯಾಡಿಸಿ ಒಳಗೆ ಬಿಟ್ಟಳು. ಪಿಯೆತ್ರೊ ಅವಳ ಜೊತೆ ಮಾತಿಗೆ ನಿಂತ. ನಾವಿಬ್ಬರೇ ಮುಂದೆ ನಡೆದೆವು.

ಎಡಗೋಡೆಯ ಮೇಲೆ ಆ ಚಿತ್ರವಿತ್ತು. ಆಳೆತ್ತರಕ್ಕಿಂತ ದೊಡ್ಡದು. ಮೇಣದ ಬತ್ತಿಯ ಹೊಗೆಗೆ ಕಪ್ಪಾಗಿ ಮೇಲರ್ಧ ಕತ್ತಲೆಯಲ್ಲಿ ಮುಳುಗಿತ್ತು. ಕೆಳಗೆ ಮಾತ್ರ ಎಲ್ಲಿಂದಲೋ ಬೆಳಕು ಬಿದ್ದಿತ್ತು. ದೀಪವಿಲ್ಲ, ಸೂರ್ಯನಿಲ್ಲ, ಆದರೂ ಬೆಳಕು. ಅದು ಒಂದು ಹೆಣದ ಮೈಯಿಂದಲೇ ಹೊರಡುತ್ತಿತ್ತು. ನಮ್ಮ ಶಾಲೆಯಲ್ಲಿ ನಾನು ಮಕ್ಕಳಿಗೆ ಬೆಳಕು ಬಲಗಡೆಯಿಂದ ಬರಲಿ, ನೆರಳು ಎಡಕ್ಕೆ ಬೀಳಲಿ ಎಂದು ಹೇಳಿಕೊಡುತ್ತೇನೆ. ಈ ಚಿತ್ರಗಾರನಿಗೆ ಅಂಥ ಹಂಗೇ ಇರಲಿಲ್ಲ.

ಒಬ್ಬ ಹರೆಯದವನ ಹೆಣ. ಹಿಂದಿನಿಂದ ಒಬ್ಬ ಮುದುಕ ಅವನ ಕಂಕುಳಲ್ಲಿ ಕೈ ಹಾಕಿ ಎತ್ತಿ ಹಿಡಿದಿದ್ದಾನೆ. ಹೆಣದ ಬೆನ್ನು ಮುದುಕನ ಎದೆಗೆ ಆತುಕೊಂಡಿದೆ, ಕಾಲು ಮಡಚಿವೆ. ಒಬ್ಬ ಹೆಂಗಸು ಬಾಯಿ ತೆರೆದು ಚೀರುತ್ತಿದ್ದಾಳೆ. ಇನ್ನೊಬ್ಬಳು ಕೆಂಪು ಬಟ್ಟೆಯಲ್ಲಿ ಮುಖವನ್ನೇ ಹುದುಗಿಸಿಕೊಂಡಿದ್ದಾಳೆ. ಮೂಲೆಯಲ್ಲಿ ಒಂದು ಏಣಿಯ ಬುಡ, ನೆಲದ ಮೇಲೆ ಇಕ್ಕಳ, ಸುತ್ತಿಗೆ. ನಡುವೆ ಮೊಣಕಾಲೂರಿದ ತಾಯಿ. ತಾಯಿ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಸತ್ತವನ ಎಡಗೈಯ ಕೆಳಗೆ ತನ್ನ ಕೈಯಿಟ್ಟು, ಅವನ ಅಂಗೈಯನ್ನು ಮೇಲ್ಮುಖವಾಗಿ ಎತ್ತಿ ಹಿಡಿದಿದ್ದಳು.

"ಮಾಂತು," ಕಾಕಾರ ದನಿ ಪಿಸುಗುಟ್ಟಿತು, "ಕೂಡಿಸಾಕತ್ತಾರ."

ನನ್ನ ಕಣ್ಣಿಗೂ ಕಂಡದ್ದು ಅದೇ. ವಾಡಿಯ ರೈಲ್ವೆ ಕಾಲನಿಯ ಚರ್ಚಿನಲ್ಲಿ ಶಿಲುಬೆಯ ಮೇಲೆ ಕೈಚಾಚಿದ ಏಸುಸ್ವಾಮಿಯನ್ನು ನಾವಿಬ್ಬರೂ ಕಂಡವರೇ. ಆದರೆ ಅಲ್ಲಿಂದ ಕೆಳಗಿಳಿಸಿದ ಮೇಲೆ ಏನಾಯಿತೆಂದು ಇಬ್ಬರೂ ಯೋಚಿಸಿದವರಲ್ಲ. ಇಲ್ಲಿ ಶಿಲುಬೆ ಕತ್ತಲೆಯಲ್ಲಿ ಅಳಿಸಿಹೋಗಿತ್ತು.

"ಖಣಿಯಾಗ ಸತ್ತಾನ ಈ ಹುಡುಗ. ಸುತ್ತಿಗಿ ನೋಡು, ಏಣಿ ನೋಡು," ಕಾಕಾ ಒಂದೊಂದನ್ನೇ ಬೆರಳಿಟ್ಟು ಓದುತ್ತ ಹೋದರು. "ಆ ಮುದುಕ ಹೊಸಬ ಅಲ್ಲ, ಭಾರ ಎತ್ತಿ ರೂಢಿ ಇದ್ದಂವ. ಮೊಣಕಾಲು ಕೊಟ್ಟು ಹಿಡದಾನ ನೋಡು. ಸತ್ತವರ ಭಾರ ಹಂಗೇ ಇರ್ತದ, ಬದುಕಿದ್ದವರು ಒಂದಿಷ್ಟು ತಾವೂ ತೂಕ ಹೊರ್ತಾರ. ಇದನ್ನ ಬರೆದಂವ ಹೆಣಾ ಹೊತ್ತಂವ ಇರ್ಬೇಕು."

ಮುದುಕನ ಮುಖ ಬೇರೆ ಕಡೆಗೆ ತಿರುಗಿತ್ತು. ಅಳು ತಡೆಯಲಿಕ್ಕೆ ಎಂದು ನಾನಂದೆ. ಅಲ್ಲ, ಉಸಿರು ಬಿಗಿಹಿಡಿಯಲಿಕ್ಕೆ ಎಂದು ಅವರಂದರು. ಎರಡೂ ಇರಬಹುದು. ಆಮೇಲೆ ಕಾಕಾರ ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು.

"ಲಿಂಗ ಅದ."

ನೋಡಿದೆ. ತಾಯಿ ಎತ್ತಿ ಹಿಡಿದ ಆ ಎಡ ಅಂಗೈಯ ನಟ್ಟ ನಡುವೆ ದುಂಡಗೆ, ಕಪ್ಪಗೆ, ಒಂದು ಇಷ್ಟಲಿಂಗ ಕೂತಿತ್ತು. ಹುಟ್ಟಿದಾಗಿನಿಂದ ಅಂಗೈಯಲ್ಲಿ ಅದೊಂದನ್ನೇ ನೋಡಿದ ಕಣ್ಣು. ಬೇರೆ ಏನನ್ನು ಕಂಡೀತು? ಸಮುದ್ರದ ಈಚೆ, ಬಿಳೀ ಪರ್ವತದ ಬುಡದಲ್ಲಿ, ಯಾರೋ ನಮ್ಮವರಂತೆ ಮಗನನ್ನು ಕೂಡಿಸಿ ಕೈಯಲ್ಲಿ ಲಿಂಗ ಕೊಟ್ಟಿದ್ದಾರೆ. ಇದು ಹೇಗೆ ಸಾಧ್ಯ ಎಂದು ಕೇಳುವ ಬುದ್ಧಿ ಆ ಹೊತ್ತಿಗೆ ಇಬ್ಬರಿಗೂ ಇರಲಿಲ್ಲ. ಕಾಕಾ ಬಗ್ಗಿ ನೆಲ ಮುಟ್ಟಿ ನಮಸ್ಕರಿಸಿದರು. ಎದ್ದಾಗ ಅವರ ಗಲ್ಲ ತೊಯ್ದಿತ್ತು.

"ಪುಣ್ಯವಂತ. ಕೈ ಸಿಕ್ಕದ," ಅಂದರು.

ಆಗ ಪಿಯೆತ್ರೊ ಬಂದು, ನಮಗೆ ಚೆನ್ನಾಗಿ ಕಾಣಲೆಂದು ಪಕ್ಕದ ಬಾಗಿಲನ್ನು ದೂಡಿದ. ಮಳೆ ನಿಂತಿತ್ತು. ಹೊರಗಿನ ಬಿಳೀ ಕಲ್ಲಿಗೆ ಬಡಿದ ಬಿಸಿಲು ಒಮ್ಮೆಲೇ ಒಳಗೆ ಬಂತು. ಚಿತ್ರದ ಕತ್ತಲೆ ಹಿಂದೆ ಸರಿಯಿತು. ಮೇಲೆ ಶಿಲುಬೆಯ ಅಡ್ಡಮರ ಕಂಡಿತು. ಅಂಗೈಯ ಕಪ್ಪು ಕೆಂಪಾಯಿತು. ಅಂಚಿನಲ್ಲಿ ಹರಿದ ಚರ್ಮ.

"ಕೀಲಾ," ಪಿಯೆತ್ರೊ ತನ್ನ ಅಂಗೈಗೆ ಬೆರಳು ಚುಚ್ಚಿ ತೋರಿಸಿದ. "ಹಾಥ್ ಮೇ ಕೀಲಾ ಮಾರಾ." ಕೈಗೆ ಹೊಡೆದ ಮೊಳೆಯ ಗಾಯ.

ನಾನು ಕಾಕಾರ ಕಡೆ ನೋಡಲಾರದೆ ನೆಲ ನೋಡಿದೆ. ಕೊಟ್ಟದ್ದನ್ನು ಕಸಿದುಕೊಂಡಂತೆ ಆಗಿತ್ತು ನನಗೆ. ಬಾಗಿಲು ದೂಡಿದ ಪಿಯೆತ್ರೊನ ಮೇಲೆ ಸಿಟ್ಟೇ ಬಂತು. ಕಾಕಾ ಚಿತ್ರಕ್ಕೆ ಇನ್ನೊಂದು ಹೆಜ್ಜೆ ಹತ್ತಿರ ಹೋದರು.

"ಲಿಂಗ ಇಡೂ ಜಾಗಾದಾಗ ಗಾಯ," ಅಂದರು. "ಖರೆ ಅದ ಮಾಂತು. ನಮ್ಮ ಮನಿಯಾಗೂ ಅಲ್ಲೇ ಆಗೇದ."

ಆಮೇಲೆ ಅವರು ಪಿಯೆತ್ರೊನನ್ನು ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಉಳಿದವರೆಲ್ಲ ಚೀರುತ್ತ, ಮುಖ ಮರೆಸಿಕೊಳ್ಳುತ್ತ ಇರುವಾಗ ತಾಯಿ ಮಾತ್ರ ಕೈ ಯಾಕೆ ನೋಡುತ್ತಿದ್ದಾಳೆ? ಅವಳ ಕೈ ಕೆಳಗೆ ಯಾಕಿದೆ?

ನಿಜಕ್ಕೂ ಆ ತಾಯಿಯ ಮುಖದಲ್ಲಿ ಅಳುವಿರಲಿಲ್ಲ. ಸುತ್ತಲಿನವರ ಚೀರಾಟವೆಲ್ಲ ಅವಳಿಗೆ ಕೇಳಿಸದಷ್ಟು ದೂರದಲ್ಲಿತ್ತು. ಮಗುವಿನ ಕೈಗೆ ಮುಳ್ಳು ಚುಚ್ಚಿದಾಗ ತಾಯಂದಿರು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಅದೇ ನೋಟ. ಅದನ್ನು ಗುರುತಿಸಿದಾಗ ನನಗೇ ಅಳು ಬಂತು, ತಡೆಯಲಿಲ್ಲ.

ಪಿಯೆತ್ರೊ ಹೆಗಲು ಕುಣಿಸಿದ. ಪಾದ್ರಿಗಳು ಒಂದು ಹೇಳುತ್ತಾರೆ, ಪಟ್ಟಣದಿಂದ ಬರುವ ಪಂಡಿತರು ಇನ್ನೊಂದು ಹೇಳುತ್ತಾರೆ, ತನಗೆ ತಿಳಿಯದು ಎಂದ. ತಾನು ಹಿಂದುಸ್ತಾನದಲ್ಲಿ ಕೈದಿಯಾಗಿದ್ದಾಗ ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿ ಮನೆಗೆ ಬಹಳ ಕಾಲ ಮುಟ್ಟಿರಲಿಲ್ಲ. ಆಗ ಅವನ ತಾಯಿ ಇಲ್ಲಿಗೆ ಬಂದು ಈ ಅಂಗೈಯನ್ನೇ ನೋಡುತ್ತ ಕೂಡುತ್ತಿದ್ದಳಂತೆ. ಮಗ ನಿಲ್ಲಲಿಕ್ಕೆ ಕಲಿತದ್ದು ತಾಯಿಯ ಕೈ ಹಿಡಿದು. ಅವನ ಕೈ ಇಲ್ಲದಿದ್ದರೂ ಅದು ಹಿಡಿದ ಕೈ ಇನ್ನೂ ಇದೆ ಎನ್ನುತ್ತಿದ್ದಳಂತೆ. ಇಷ್ಟನ್ನು ಅವನು ತನ್ನ ಮುರುಕು ಹಿಂದೂಸ್ತಾನಿಯಲ್ಲಿ, ಅರ್ಧ ಕೈಯಿಂದ, ಹೇಳಿದ. ಕಾಕಾ ತಡೆದು ತಡೆದು ಮತ್ತೆ ಕೇಳಿ ತಿಳಿದುಕೊಂಡರು.

ಚಿತ್ರದ ಕೆಳಗೆ ಕಲ್ಲಿನ ಒಂದು ಕಟ್ಟೆಯಿತ್ತು. ಅದರ ಮೇಲೆ ಬಟ್ಟೆಯ ಹಳೇ ಟೋಪಿಗಳು ಸಾಲಾಗಿದ್ದವು. ಯಾರೋ ಮರೆತು ಹೋದವು ಎಂದು ನಾನು ತಿಳಿದಿದ್ದೆ.

"ಪತ್ಥರ್ ವಾಪಸ್ ನಹೀ ದಿಯಾ," ಅಂದ ಪಿಯೆತ್ರೊ. ಬಂಡೆಯಡಿ ಸಿಕ್ಕವರನ್ನು ಕೆಲವೊಮ್ಮೆ ಕಲ್ಲು ಹಿಂದಕ್ಕೆ ಕೊಡುವುದಿಲ್ಲ. ಹೂಳಲಿಕ್ಕೆ ಏನೂ ಸಿಗದಾಗ ಮನೆಯವರು ಅವನ ಟೋಪಿ ತಂದು ಇಲ್ಲಿಡುತ್ತಾರೆ, ಪಾದ್ರಿ ಅದಕ್ಕೇ ಮಂತ್ರ ಹೇಳುತ್ತಾನೆ.

"ಬರೇ ಟೋಪಿಗೆ?" ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಹೌದ್ರಿ, ಟೋಪಿಗೇ."

ಅವರು ನನ್ನ ಕೈಯಲ್ಲಿದ್ದ ಚೀಲ ತೆಗೆದುಕೊಂಡರು. ಫರಸಿ ತುಂಡನ್ನು ಧೋತರದ ಬಟ್ಟೆಯಿಂದ ಬಿಚ್ಚಿ, ಅದೇ ಬಟ್ಟೆಯಿಂದ ಒರೆಸಿ, ಟೋಪಿಗಳ ಸಾಲಿನ ಕೊನೆಗೆ ಇಟ್ಟರು. ಮುದುಕಿ ದೂರದಿಂದ ನೋಡಿದಳು. ಯಾರದೆಂದು ಪಿಯೆತ್ರೊ ಕೇಳಿದ.

"ಮೇರಾ ಬೇಟಾ," ಅಂದರು ಕಾಕಾ. "ಸಿದ್ರಾಮ." ಸಿದ್ದು ಹೊಳೆಗೆ ಹೋದ ಮೇಲೆ ಅವನ ಹೆಸರು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಶಹಾಬಾದ

ಹೋದ ಹಾಗೆಯೇ ಹಡಗಿನಲ್ಲಿ ತಿರುಗಿ ಬಂದೆವು. ಕಾಕಾ ಕೊಂಡ ಮಶೀನು ಆಮೇಲೆ ಹಿಂದಿನಿಂದ ಬಂತು. ನಮ್ಮ ಕಲ್ಲು ಅದಕ್ಕೆ ಒಗ್ಗಲಿಲ್ಲ, ಅದು ಬೇರೆ ಗೋಳು. ಚಿತ್ತಾಪುರದಲ್ಲಿ ಸಿಕ್ಕವರೆಲ್ಲ ಇಟಲಿಯಲ್ಲಿ ಏನು ನೋಡಿದಿರಿ ಮಾಸ್ತರ ಎಂದು ಕೇಳಿದಾಗ ನಾನು ಸಣ್ಣ ಕಪ್ಪಿನ ಕಾಫಿಯ ಕಥೆ ಹೇಳಿ ನಗಿಸುತ್ತೇನೆ. ಚಿತ್ರದ ಕಥೆ ಎಲ್ಲರಿಗೂ ಹೇಳುವುದಿಲ್ಲ.

ಮನೆಯ ಹೊಸಿಲಲ್ಲಿ ಕಾಕಿ ಕಾಲಿಗೆ ನೀರು ತಂದಿಟ್ಟು ನಿಂತಿದ್ದಳು. ಮೊದಲು ನನ್ನ ಮುಖ ನೋಡಿದಳು. ಹೇಳಿದೆಯಾ ಎಂದು ಆ ನೋಟ ಕೇಳುತ್ತಿತ್ತು. ಅಷ್ಟರಲ್ಲೇ ಕಾಕಾ ಚೊಂಬು ಕೈಗೆ ತೆಗೆದುಕೊಂಡು, "ನೀಲಾ, ಅಯ್ಯನವರಿಗೆ ಹೇಳಿ ಕಳಸು. ಸಿದ್ದೂನ ಕೂಡಿಸೂನು," ಅಂದರು. ಕಾಕಿ ಅಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು ಕೂತಳು.

ಕಾಗಿಣಾ ದಂಡೆಗೆ ಹತ್ತಿದ ನಮ್ಮ ಹೊಲದ ಬದುವಿನಲ್ಲಿ ಕುಣಿ ತೋಡಿದರು. ಹೆಣವಿದ್ದರೆ ಎಷ್ಟು ಆಳವೋ ಅಷ್ಟೇ ಆಳ, ಕಾಕಾ ಒಂದು ಬೆರಳೂ ಕಡಿಮೆ ಮಾಡಗೊಡಲಿಲ್ಲ. ಒಳಗೆ ಪದ್ಧತಿಯಂತೆ, ಆದರೆ ಮೇಲಿನಿಂದ ಕೈಗೆಟಕುವ ಹಾಗೆ, ಗೂಡು ಕೊರೆಸಿ ವಿಭೂತಿ ಹರಡಿಸಿದರು. ನೆರೆಯವರು, ಖಣಿಯವರು ಬಂದಿದ್ದರು. ಹೆಂಗಸರು ಬದುವಿನಾಚೆ ದೂರ ನಿಂತಿದ್ದರು. ಕ್ರಿಯೆ ಮಾಡಿಸುವ ಅಯ್ಯನವರು ಲಿಂಗವನ್ನು ಕೈಗೆತ್ತಿಕೊಂಡು ಕುಣಿಯನ್ನೂ ಕಾಕಾರನ್ನೂ ನೋಡಿದರು.

"ಅಂಗೈ ಬೇಕಲ್ಲ ವೀರಭದ್ರಪ್ಪನವರ. ಮಣ್ಣಿನ ಮ್ಯಾಲೇ ಇಡ್ಲೇನು?"

"ಅಂಗೈ ಅದರಿ," ಅಂದರು ಕಾಕಾ. ಬದುವಿನ ಕಡೆ ತಿರುಗಿ, "ನೀಲಾ, ಇಲ್ಲಿ ಬಾ. ಕುಂದ್ರು," ಎಂದು ಕರೆದರು.

ಜನರಲ್ಲಿ ಗುಜುಗುಜು ಎದ್ದಿತು. ಹೆಂಗಸು ಕುಣಿಯ ಬಾಯಿಗೆ ಬರುವುದು ನಮ್ಮ ಕಡೆ ಕಂಡದ್ದಲ್ಲ. ಕಾಕಿ ಯಾರನ್ನೂ ನೋಡದೆ ಬಂದು ಮಣ್ಣಿನ ರಾಶಿಯ ಮೇಲೆ ಕೂತಳು. ಕಾಕಾ ಅವಳ ಎಡಗೈ ಹಿಡಿದು ಅಂಗೈಯನ್ನು ಮೇಲ್ಮುಖ ಮಾಡಿದರು. ಅದರ ಕೆಳಗೆ ತಮ್ಮ ಕೈಯಿಟ್ಟರು.

"ಮಗ ನಡೀಲಿಕ್ಕ ಕಲ್ತಿದ್ದು ಈ ಕೈ ಹಿಡದು. ಇದರಾಗ ಇಡ್ರಿ," ಅಂದರು.

ಅಯ್ಯನವರು ಬಗ್ಗಿ ಲಿಂಗವನ್ನು ಕಾಕಿಯ ಅಂಗೈಯಲ್ಲಿಟ್ಟು ಬಿಲ್ವಪತ್ರೆ ಏರಿಸಿದರು. ಬಾಗಿಲು ತೆರೆಯುವ ಮೊದಲು ಆ ಚರ್ಚಿನ ಗೋಡೆಯ ಮೇಲೆ ನಾವು ಕಂಡದ್ದು ಈಗ ಕಾಗಿಣಾ ದಂಡೆಯ ಬಿಸಿಲಿನಲ್ಲಿ ನನ್ನ ಕಣ್ಣೆದುರಿಗಿತ್ತು. ನಾನು ಕೈ ಮುಗಿದೆ.

ಕಾಕಿ ತಲೆ ಎತ್ತದೆಯೇ ನನ್ನನ್ನು ಕೇಳಿದಳು. "ಮಾಂತು, ನಿಮ್ಮ ಕಾಕಾ ಹೇಳ್ಯಾರ. ಆ ಚಿತ್ರದಾಗಿನ ತಾಯಿ ಅಳಾಕತ್ತಿದ್ಳೇನು?"

"ಇಲ್ಲ ಕಾಕಿ. ಮಗನ ಅಂಗೈ ನೋಡಾಕತ್ತಿದ್ಳು."

ಅವಳೂ ನೋಡಿದಳು. ಇಷ್ಟು ವರ್ಷ ದಿನಾ ತೊಳೆದ ಲಿಂಗವನ್ನು ಅದೇ ಮೊದಲು ಕಾಣುವವಳಂತೆ ನೋಡಿದಳು. ಆಮೇಲೆ ಮೈ ಬಗ್ಗಿಸಿ, ಕೈಯನ್ನು ಭುಜದವರೆಗೂ ಕುಣಿಯೊಳಗಿನ ಗೂಡಿಗೆ ಇಳಿಬಿಟ್ಟಳು. ಕಾಕಾರ ಕೈಯೂ ಜೊತೆಗೇ ಇಳಿಯಿತು. ಹಿಂದಕ್ಕೆ ಬಂದಾಗ ಅವಳ ಅಂಗೈ ಖಾಲಿಯಾಗಿತ್ತು, ವಿಭೂತಿ ಮೆತ್ತಿತ್ತು. ಕಾಕಾ ಅದನ್ನು ಬಿಡಲಿಲ್ಲ. ಮಣ್ಣು ಮುಚ್ಚಿ ಮುಗಿಯುವವರೆಗೂ ಹಾಗೆಯೇ ಹಿಡಿದುಕೊಂಡು ಕೂತಿದ್ದರು.